ಹುಳುಮನೆಯ ಭಾನುವಾರಗಳು

ನಾನು ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಬಂದಾಗ ನಮ್ಮ ಕ್ರೈಸ್ತ ಸಭೆ ಎಂದರೆ ಹನ್ನೊಂದು ಮನೆ. ಹೆಂಚಿನ ಒಂದು ಸಣ್ಣ ಕೋಣೆಯಲ್ಲಿ ಭಾನುವಾರ ಎಲ್ಲರೂ ಕಾಲು ಚಾಚಿ ಕೂರುವಷ್ಟು ಜಾಗವಿತ್ತು. ಯಾರ ಮನೆಯಲ್ಲಿ ಏನು ಸಾರು ಎಂಬುದು ಕೂಡ ಎಲ್ಲರಿಗೂ ಗೊತ್ತಿರುತ್ತಿತ್ತು. ನನಗೆ ಅದು ಹಿಡಿಸಿತ್ತು. ಗೊತ್ತಿಲ್ಲದ ಮುಖ ಕಂಡರೆ ನನಗೆ ಹುಟ್ಟಿನಿಂದಲೂ ಆಗದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನ್ನ ತಾಯಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಐದನೆಯ ಸಲ ನಾನೇ ಹೇಳಿಕೊಳ್ಳುತ್ತಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ರೇಷ್ಮೆ ನೂಲು ಬಿಚ್ಚುವ ಕೆಲಸ ಹುಡುಕಿಕೊಂಡು ನಮ್ಮ ಕಡೆಗೆ ಜನ ಬರತೊಡಗಿದರು. ಅಂಬಾಜಿದುರ್ಗದ ಕೆಳಗಿನ ಹಳ್ಳಿಗಳವರು, ಅದರಾಚೆಯವರು, ಅರ್ಧ ತೆಲುಗು ಅರ್ಧ ಕನ್ನಡ ಆಡುವವರು. ಕೆಲವರು ಮೊದಲೇ ಕ್ರೈಸ್ತರು, ಕೆಲವರು ಸುಮ್ಮನೆ ಹಾಡು ಕೇಳಿ ಬಂದು ಕೂತವರು. ಕೋಣೆ ತುಂಬಿತು, ಜಗಲಿ ತುಂಬಿತು, ಎದುರಿನ ಹುಣಸೆಮರದ ಬುಡವೂ ತುಂಬಿತು. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಪಾದ್ರಿಯವರಿಗೆ ಹಿಗ್ಗೋ ಹಿಗ್ಗು. ಇವರೆಲ್ಲ ದೇವರಿಗಾಗಿ ಬಂದರೋ, ಹಬ್ಬದ ಊಟಕ್ಕಾಗಿ ಬಂದರೋ ಎಂಬ ಪ್ರಶ್ನೆ ನನ್ನೊಬ್ಬಳದ್ದೇ.

ಹಳೆಯ ಕೋಣೆ ಕೆಡವಿ ಅಲ್ಲೇ ದೊಡ್ಡ ಗುಡಿ ಕಟ್ಟುವುದೆಂದು ತೀರ್ಮಾನವಾಯಿತು. ಚರ್ಚನ್ನು ನಾವು ಗುಡಿ ಎಂದೇ ಕರೆಯುವುದು. ಅದು ಏಳುವವರೆಗೆ ಆರಾಧನೆ ಎಲ್ಲಿ ಎಂದು ಪಾದ್ರಿಯವರು ಕೇಳಿದ್ದೇ ತಡ, ನನ್ನ ಮುಖವನ್ನೂ ನೋಡದೆ ನಮ್ಮ ಯಜಮಾನರು ಎದ್ದು ನಿಂತು, "ನಮ್ಮ ಹುಳುಮನೆ ಐತಲ್ಲ, ಅಲ್ಲೇ ಮಾಡಣ" ಎಂದುಬಿಟ್ಟರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ಹುಳುಮನೆ ಎಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಮನೆ. ಅದರೊಳಗೆ ನಾವು ನೆಂಟರನ್ನೂ ಬಿಡುವುದಿಲ್ಲ. ಹೊರಗಿನವರ ಕಣ್ಣು ಬಿದ್ದರೆ ಬೆಳೆ ಹೋಗುತ್ತದೆ. ನನ್ನ ತಾಯಿ ಬಂದಾಗಲೂ ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸಿದವಳು ನಾನು. ಯೇಸುವನ್ನು ನಂಬಿದವರಿಗೆ ಕಣ್ಣುದೃಷ್ಟಿ ಎಲ್ಲಿಯದಮ್ಮ ಎಂದು ಪಾದ್ರಿಯವರು ನಕ್ಕರು. ಗುಡಿಯಲ್ಲಿ ಅವರ ಮಾತು ಸರಿಯೇ. ಹುಳುಮನೆಯಲ್ಲಿ ಮಾತ್ರ ತೀರಿಹೋದ ನಮ್ಮತ್ತೆ ಹೇಳಿಕೊಟ್ಟದ್ದೇ ನಡೆಯುತ್ತಿತ್ತು. ಬೆಳೆ ಕೈಕೊಟ್ಟರೆ ಒಲೆ ಹಚ್ಚಬೇಕಾದವಳು ನಾನು, ಪಾದ್ರಿಯವರಲ್ಲ.

ಮೊದಲ ಕೆಲವು ವಾರ ಮನೆ ಖಾಲಿಯಿತ್ತು, ಸುಮ್ಮನಿದ್ದೆ. ಆಮೇಲೆ ಹುಳು ಸಾಕುವ ಸಮಯ ಬಂತು. ಹಳೆಯ ಸೀರೆಗಳನ್ನು ಹೊಲಿದು ಮಧ್ಯಕ್ಕೆ ಒಂದು ಪರದೆ ಕಟ್ಟಿದೆ. ಆ ಕಡೆ ಹುಳುವಿನ ತಟ್ಟೆಗಳು, ಈ ಕಡೆ ಸಭೆ. ಬಾಗಿಲಲ್ಲಿ ಒಂದು ಹಂಡೆ ನೀರಿಟ್ಟು, ಪ್ರತಿಯೊಬ್ಬರೂ ಕೈಕಾಲು ತೊಳೆಯುವವರೆಗೆ ಕಾವಲು ನಿಂತೆ. ಹುಳುವಿಗೆ ಹೊಗೆಸೊಪ್ಪಿನ ಗಾಳಿಯೂ ಆಗದು, ವಾಸನೆ ಎಣ್ಣೆಯೂ ಆಗದು. ಹಾಗಾಗಿ ಹತ್ತಿರ ನಿಲ್ಲಿಸಿ ಮೂಸಿಯೂ ನೋಡುತ್ತಿದ್ದೆ. ಆರಾಧನೆಗೆ ಬಂದವರ ಬಾಯಿ ಮೂಸಿ ಒಳಗೆ ಬಿಟ್ಟ ಸಭೆ ನಮ್ಮ ಸೀಮೆಯಲ್ಲಿ ಬೇರೊಂದು ಇರಲಾರದು. ಬಾಗಿಲು ತೆರೆದಿಡಿ ಎಂದು ಪಾದ್ರಿಯವರು ಮೇಲಿಂದ ಮೇಲೆ ಪ್ರಸಂಗ ಮಾಡಿದರು. ಅದು ನನಗೇ ಹೇಳಿದ್ದೆಂದು ಗೊತ್ತಾಗಿ ಇನ್ನಷ್ಟು ಬಿಗಿಯಾದೆ.

ಹೊಸಬರಲ್ಲಿ ಒಬ್ಬ ಒಂಟಿ ಹೆಂಗಸಿದ್ದಳು. ನನಗಿಂತ ಹತ್ತು ವರ್ಷ ಹಿರಿಯಳು, ಗಂಡ ಸತ್ತವಳು. ಚಿಂತಾಮಣಿ ಕಡೆಯವಳಂತೆ, ಅಷ್ಟು ಬಿಟ್ಟರೆ ಆಕೆಯ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಬಾಯಿ ಬಿಡುತ್ತಿರಲಿಲ್ಲ. ಮುಂದಿನ ಚಾಪೆಗಳೆಲ್ಲ ಹಳೆಯ ಮನೆಗಳವರಿಗೆಂದು ಹೇಳಿ ಆಕೆಯನ್ನು ಹಿಂದಕ್ಕೆ, ಪರದೆಯ ಪಕ್ಕಕ್ಕೆ ಕೂರಿಸಿದವಳು ನಾನೇ. ಕೂತ ಕೂಡಲೇ ಆಕೆಯ ಕಣ್ಣು ಪರದೆಯ ಸಂದಿನ ಕಡೆಗೆ ಹೋಗುವುದನ್ನೂ ನಾನೇ ಕಂಡೆ.

ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಎಲ್ಲರೂ ಮುಚ್ಚಿದರೆ ನೋಡಿಕೊಳ್ಳುವವರು ಯಾರು? ಒಂದು ಭಾನುವಾರ, ಪಾದ್ರಿಯವರ ಪ್ರಾರ್ಥನೆ ಉದ್ದಕ್ಕೆ ಸಾಗಿದ್ದಾಗ, ಆಕೆಯ ಕೈ ಪರದೆಯ ಅಡಿಯಿಂದ ಒಳಗೆ ಹೋಯಿತು. ಹೊರಗೆ ಬಂತು. ಸೊಂಟದ ಹತ್ತಿರ ಸೆರಗಿನೊಳಗೆ ಏನನ್ನೋ ಇಳಿಸಿತು. ಆ ಸಂಜೆ ಯಜಮಾನರಿಗೆ ಹೇಳಿದರೆ, "ಹುಳ ಕದ್ದು ಏನ್ ಮಾಡ್ತಾಳೆ ಕಣೇ, ಸಾರು ಮಾಡ್ತಾಳಾ?" ಎಂದು ನಕ್ಕರು. ಮಾಟಕ್ಕೆ ಎಂದೆ. ಬೇರೆಯವರಿಗೆ ಮಾರುವುದಕ್ಕೆ ಎಂದೆ. ನಮ್ಮ ಬೆಳೆ ಹಾಳು ಮಾಡಲು ಯಾರೋ ಕಳಿಸಿದ್ದಾರೆ ಎಂದೆ. ವಾರವೆಲ್ಲ ಹುಳುವಿಗೆ ಸೊಪ್ಪು ಹಾಕುವಾಗಲೂ ನನ್ನ ಗಮನ ಬೀದಿಯ ಮೇಲಿತ್ತು, ಆಕೆ ಆ ಕಡೆ ಸುಳಿಯುತ್ತಾಳೇನೋ ಎಂದು.

ಮುಂದಿನ ಭಾನುವಾರದ ಹೊತ್ತಿಗೆ ಹುಳು ಕೊನೆಯ ಪೊರೆ ಬಿಟ್ಟು ದಪ್ಪಗಾಗಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಪ್ರಾರ್ಥನೆ ಶುರುವಾಯಿತು. ಕೈ ಒಳಗೆ ಹೋಯಿತು, ಒಂದಲ್ಲ, ಐದಾರು ಸಲ. "ಆಮೆನ್" ಎಂದು ಎಲ್ಲರೂ ಕಣ್ಣು ತೆರೆಯುವುದರೊಳಗೆ ನಾನು ಎದ್ದು ಹೋಗಿ ಆಕೆಯ ರಟ್ಟೆ ಹಿಡಿದಿದ್ದೆ.

"ಸೆರಗು ಕೊಡವು" ಎಂದೆ.

"ವದ್ದಮ್ಮಾ" ಎಂದಳು. ಬೇಡಮ್ಮ ಎಂದು. ಅಷ್ಟು ಮೆಲ್ಲಗೆ ಹೇಳಿದ್ದೇ ನನಗೆ ಸಾಕ್ಷಿಯಾಯಿತು.

"ಕೊಡವು ಅಂದೆ. ಎಲ್ಲಾರೂ ನೋಡ್ಲಿ."

ಆಕೆ ನನ್ನನ್ನೊಮ್ಮೆ ನೋಡಿ, ಎದ್ದು ನಿಂತು, ಎರಡೂ ಕೈಯಲ್ಲಿ ಸೆರಗು ಹಿಡಿದು ಕೊಡವಿದಳು. ಚಾಪೆಯ ಮೇಲೆ ಮುತ್ತುಗದ ಎಲೆಯ ಒಂದು ಪೊಟ್ಟಣ ಬಿದ್ದು ಬಿಚ್ಚಿಕೊಂಡಿತು. ಅದರೊಳಗೆ ಹತ್ತು ಹನ್ನೆರಡು ಹುಳು. ಊದಿಕೊಂಡು, ಹಳದಿಗೆ ತಿರುಗಿ, ಚರ್ಮ ಬಿರಿದು ಹಾಲಿನಂಥ ನೀರು ಸುರಿಸುತ್ತಿದ್ದವು. ಹುಳು ಸಾಕುವವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಹಾಲುತೊಂಡೆ ರೋಗ. ಒಂದು ಹುಳು ತಟ್ಟೆಯಲ್ಲಿ ಒಡೆದರೆ ತಟ್ಟೆಯೇ ಹೋಯಿತು, ಒಂದು ತಟ್ಟೆ ಹೋದರೆ ಮನೆಯೇ ಹೋಯಿತು.

ಯಜಮಾನರು ಪರದೆ ಎತ್ತಿ ಕೆಳಗಿನ ತಟ್ಟೆ ಎಳೆದರು. ಅಂಚಿನಲ್ಲಿ ಇನ್ನೂ ನಾಲ್ಕು ಹುಳು ಒದ್ದಾಡುತ್ತಿದ್ದವು. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಿದ ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ. ನನ್ನ ಕಣ್ಣೆಲ್ಲ ಜನರ ಮೇಲಿತ್ತು.

"ಹೇಳೋದಲ್ವೇನಮ್ಮ?" ಎಂದು ಪಾದ್ರಿಯವರು ಆಕೆಯನ್ನು ಕೇಳಿದರು.

"ಹುಳುಮನೇಲಿ ರೋಗದ ಮಾತು ಬಾಯಲ್ಲಿ ಆಡಬಾರದು ಸ್ವಾಮಿ. ಅದೂ ನನ್ನಂಥೋಳು ಆಡಿದ್ರೆ, ರೋಗ ನಾನೇ ತಂದಿದ್ದು ಅಂತಾರೆ. ಆಯ್ದು ಕೊಂಡೋಗಿ ಮಣ್ಣಲ್ಲಿ ಮುಚ್ತಿದ್ದೆ."

ಆಕೆ ಹೇಳಿದ್ದು ನಿಜ. ಆಕೆ ಬಾಯಿ ಬಿಟ್ಟಿದ್ದರೆ ನಾನು ಅದನ್ನೇ ಅನ್ನುತ್ತಿದ್ದೆ, ಇನ್ನೂ ಗಟ್ಟಿಯಾಗಿ. ಆಕೆ ಪೊಟ್ಟಣವನ್ನು ಮತ್ತೆ ಕಟ್ಟಿ, ಒಂದು ಹನಿಯೂ ಚಾಪೆಗೆ ತಾಗದಂತೆ ಎತ್ತಿಕೊಂಡು ಹೊರಟುಹೋದಳು. ನನಗೆ ನಾಚಿಕೆಯಾಯಿತು. ಬಿಸಿಲಲ್ಲಿ ನಿಂತವಳ ಹಾಗೆ ಮೈಯೆಲ್ಲ ಉರಿಯಿತು. ಆದರೂ ಕ್ಷಮಿಸು ಎನ್ನಲು ಆಕೆಯ ಹಿಂದೆ ಹೋಗಲಿಲ್ಲ.

ಸುಣ್ಣ ಉದುರಿಸಿದೆವು, ರೋಗದ ಹುಳು ಆಯ್ದೆವು, ತಟ್ಟೆಗಳ ಹಾಸು ಬದಲಿಸಿದೆವು. ಬೆಳೆ ಉಳಿಯಿತು. ಗೂಡುಗಳು ಕೈಯಲ್ಲಿ ಹಿಡಿದರೆ ಗಟ್ಟಿಯಾಗಿದ್ದವು. ಅವನ್ನು ಬಿಡಿಸುವಾಗ ಒಂದೊಂದೂ ನನ್ನನ್ನು ಚುಚ್ಚಿತು. ಅದರ ಮರುದಿನ ಆಕೆಯ ಗುಡಿಸಲಿಗೆ ಹೋಗಿ ಬಾಗಿಲ ಹೊರಗೆ ನಿಂತೆ. "ತಪ್ಪಾಯ್ತು ಕಣಮ್ಮ. ಭಾನುವಾರ ಬಾ" ಎಂದೆ. ಆಕೆ ಕೂತ್ಕೊಳ್ಳಿ ಎಂದು ಮಣೆ ಹಾಕಿ, ನೀರು ಕೊಟ್ಟಳು.

"ಬರ್ತೀನಮ್ಮ, ಗುಡಿ ಆಗ್ಲಿ. ಗುಡಿಗೆ ಬರ್ತೀನಿ. ನಿಮ್ಮನೆಗೆ ಬರಲ್ಲ."

ಗುಡಿ ಮುಗಿಯಲು ಮತ್ತೊಂದು ವರ್ಷವಾಯಿತು. ಅಷ್ಟೂ ಭಾನುವಾರ ಪರದೆಯ ಪಕ್ಕದ ಜಾಗ ಖಾಲಿಯಿತ್ತು. ಎಷ್ಟೇ ಜನ ಇಕ್ಕಟ್ಟಿನಲ್ಲಿದ್ದರೂ ಅಲ್ಲಿ ಯಾರೂ ಕೂರಲಿಲ್ಲ. ಹಂಡೆ ಒಳಗಿಟ್ಟೆ, ಮೂಸುವುದನ್ನೂ ಬಿಟ್ಟೆ. ಯಾರಿಗಾಗಿ ಬಿಟ್ಟೆನೋ ಆಕೆ ಅದನ್ನು ನೋಡಲು ಬರಲಿಲ್ಲ.

ಹೊಸ ಗುಡಿ ತೆರೆದ ದಿನ ಆಕೆ ಬಂದಳು. ಹೊಸ್ತಿಲ ಹೊರಗೆ ನಿಂತಳು. ಎರಡೂ ಕೈಯಲ್ಲಿ ಸೆರಗು ಹಿಡಿದು ಎರಡು ಸಲ ಕೊಡವಿ, ತಲೆಯ ಮೇಲೆ ಹೊದ್ದು ಒಳಗೆ ಬಂದಳು. ಮುಂದಿನ ಚಾಪೆಯಲ್ಲಿ ನಾನು ಸರಿದು ಜಾಗ ಮಾಡಿದೆ. ಬಂದು ಕೂತಳು, ನಕ್ಕಳು, ನನ್ನ ಮಡಿಲಲ್ಲಿದ್ದ ಮಗುವನ್ನು ಎತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಅಂದಿನಿಂದ ಬದುಕಿರುವವರೆಗೆ ಪ್ರತಿ ಭಾನುವಾರ ಅದೇ ಜಾಗ. ಪ್ರತಿ ಭಾನುವಾರ ಹೊಸ್ತಿಲಲ್ಲಿ ಅದೇ ಸೆರಗು, ಎರಡು ಸಲ.

"ನೂಲು ಬಿಚ್ಚೋರ ಬಟ್ಟೆಗೆ ಎಳೆ ಅಂಟ್ಕೊಂಡಿರುತ್ತೆ, ಕೊಡವ್ತಾಳೆ ಅಷ್ಟೆ. ನಿನಗೆ ಎಲ್ಲದರಲ್ಲೂ ಅನುಮಾನ" ಎನ್ನುತ್ತಿದ್ದರು ಯಜಮಾನರು.

ಇರಬಹುದು. ಆದರೆ ಗುಡಿಗೆ ಬರುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ನೂಲು ಬಿಚ್ಚುವವರೇ ಇದ್ದರು. ನಾನು ಪ್ರತಿ ವಾರ ಬಾಗಿಲ ಕಡೆಗೆ ನೋಡುತ್ತಿದ್ದೆ. ಬೇರೆ ಒಬ್ಬರೂ ಸೆರಗು ಕೊಡವಿ ಒಳಗೆ ಬರುತ್ತಿರಲಿಲ್ಲ.