ತಮ್ಮನ ಗ್ಯಾರೇಜಿಗೆ ತಡವಾಗಿ ಬಂದ ಕರೆಂಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಮನೆಯ ಗ್ಯಾರೇಜಿನಲ್ಲಿ ಹೆಂಗಸೊಬ್ಬರು ತಲೆಗೆ ದೀಪ ಕಟ್ಟಿಕೊಂಡು ಗೋಡೆಯ ಬುಡದಲ್ಲಿ ಮಂಡಿಯೂರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಇಳಿಸಿಕೊಂಡು ಬಂದವರು ಅವರೇ. ಆದರೂ ವೈರಿಗೆ ಕೈ ಹಾಕುವ ಮುಂಚೆ ಟೆಸ್ಟರ್ ಇಟ್ಟು ನೋಡುತ್ತಾರೆ.

“ಆಫ್ ಮಾಡಿದೀನಿ ಅನ್ನೋದು ನಂಬಿಕೆ. ಟೆಸ್ಟರ್ ಇಡೋದು ಕೆಲಸ,” ಎನ್ನುತ್ತಾರೆ, ತಲೆ ಎತ್ತದೆ.

ಮನೆಗಳ ವೈರಿಂಗ್ ಮಾಡುವ ಇವರನ್ನು ಸುತ್ತಮುತ್ತಲಿನವರು ಕರೆಯುವುದು ‘ಪರ್ಮಿಷನ್ ಅಕ್ಕ’ ಎಂದು. ಗೇಲಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿದೆ. ಗ್ಯಾರೇಜಿಗೆ ಹೊಸ ಲೈನ್ ಬೇಕೆಂದರೆ, ವಿದ್ಯುತ್ ಕಚೇರಿಯ ಅನುಮತಿ ಬರುವ ತನಕ ಇವರ ಚೀಲದಿಂದ ಸ್ಕ್ರೂಡ್ರೈವರ್ ಹೊರಬರುವುದಿಲ್ಲ.

ಈ ಮನೆಯ ನಿವೃತ್ತ ಟೀಚರಿಗೆ ಮಣ್ಣಿನ ಪಾತ್ರೆ ಮಾಡುವ ಹುಚ್ಚು. ಪಾತ್ರೆ ಸುಡಲು ಕರೆಂಟಿನ ಗೂಡು ತರಿಸಿದ್ದಾರೆ. ಅಡುಗೆಮನೆಯ ಪ್ಲಗ್ಗಿನಿಂದಲೇ ಒಂದು ವೈರ್ ಎಳೆದುಕೊಡಿ ಎಂದು ಕೇಳಿದ್ದರಂತೆ.

“ಒಬ್ಬ ಹೊರೋ ಮೂಟೆ ಜತೆಗೆ ಇನ್ನೂ ಮೂರು ಮೂಟೆ ಅದೇ ಹೆಗಲಿಗೆ ಹೇರಿದ ಹಾಗೆ ಆಗುತ್ತೆ ಟೀಚರ್. ಹೆಗಲು ಕೂಗುತ್ತೆ, ವೈರ್ ಕೂಗಲ್ಲ. ಒಳಗೊಳಗೇ ಬಿಸಿಯಾಗುತ್ತೆ,” ಎಂದಿದ್ದಾರೆ ಅಕ್ಕ.

“ಸಿಟ್ಟು ಬಂದು ಕಳಿಸಿಬಿಟ್ಟೆ. ಮರುದಿನ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ರು. ಬನ್ನಿ, ಕಚೇರಿಗೆ ನಾನೇ ಕರ್ಕೊಂಡು ಹೋಗ್ತೀನಿ ಅಂದ್ರು,” ಎಂದು ಟೀಚರ್ ನಗುತ್ತಾರೆ.

ಈಗ ಮೇನ್ ಬೋರ್ಡಿನಿಂದ ಗೂಡಿಗೆಂದೇ ಪ್ರತ್ಯೇಕ ದಪ್ಪ ವೈರು ಪೈಪಿನೊಳಗೆ ಬರುತ್ತಿದೆ. ಅದಕ್ಕೆ ಅದರದೇ ಬ್ರೇಕರ್, ಸರಿಯಾದ ಅರ್ಥಿಂಗ್. ದೀಪಕ್ಕೆ ಬೇರೆ ಲೈನು. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ಚೂ ಇದೆ. ತಪಾಸಣೆಯವರು ನೋಡಿ ಒಪ್ಪುವ ತನಕ ಗೋಡೆಗೆ ಸಿಮೆಂಟ್ ಮೆತ್ತುವ ಹಾಗಿಲ್ಲ.

ಕಳಿಸಿದರೂ ಯಾಕೆ ವಾಪಸ್ ಬಂದಿರಿ ಎಂದು ಅಕ್ಕನನ್ನು ಕೇಳುತ್ತೇನೆ. ಕೈಯಲ್ಲಿದ್ದ ಇಕ್ಕಳ ಕೆಳಗಿಡುತ್ತಾರೆ.

“ಒಂದ್ಸಲ ವಾಪಸ್ ಹೋಗ್ಲಿಲ್ಲ. ಅದಕ್ಕೇ.”

ಅಕ್ಕನ ಬೆನ್ನಿಗೆ ಬಿದ್ದ ತಮ್ಮ ಬಡಗಿ. ಕುರ್ಚಿ ಮಾಡುವುದರಲ್ಲಿ ಎತ್ತಿದ ಕೈ. ಮರ ನಯಗೊಳಿಸುವ ಯಂತ್ರ ಕೊಂಡವನು, ಗ್ಯಾರೇಜಿಗೆ ಲೈನ್ ಎಳೆದುಕೊಡು ಎಂದು ಅಕ್ಕನನ್ನೇ ಕರೆದಿದ್ದ. ಒಪ್ಪಿಕೊಂಡ ಕೆಲಸ ತಲೆಯ ಮೇಲಿತ್ತು, ಅನುಮತಿಗೆ ಕಾಯುವ ತಾಳ್ಮೆ ಇರಲಿಲ್ಲ.

“ತಮ್ಮನಿಗೂ ಪರ್ಮಿಷನ್ನಾ ಅಂದ. ಬೆಂಕಿಗೆ ನೀನು ನನ್ನ ತಮ್ಮ ಅಂತ ಗೊತ್ತಿರಲ್ಲ ಕಣೋ ಅಂದೆ. ಮಾತಿಗೆ ಮಾತು ಬೆಳೀತು. ಚೀಲ ಎತ್ಕೊಂಡು ಬಂದುಬಿಟ್ಟೆ.”

ತಮ್ಮ ತಾನೇ ಅಡುಗೆಮನೆಯ ಲೈನಿನಿಂದ ತೆಳು ವೈರ್ ಎಳೆದುಕೊಂಡ. ಯಂತ್ರ ಚೆನ್ನಾಗಿಯೇ ಓಡಿತು. ನೋಡಿ, ಏನೂ ಆಗಲಿಲ್ಲವಲ್ಲ ಎಂದು ಮನೆಯವರೆದುರು ಅಕ್ಕನನ್ನು ಆಡಿಕೊಂಡಿದ್ದೂ ಉಂಟು. ಆಮೇಲೊಂದು ಮಧ್ಯಾಹ್ನ ಮರದ ಹೊಟ್ಟಿನ ರಾಶಿಯ ಕೆಳಗಿದ್ದ ಆ ವೈರು ಹೊಗೆಯಾಡಿ ಬೆಂಕಿ ಹೊತ್ತಿಕೊಂಡಿತು. ಮಾಡಿಟ್ಟ ಕುರ್ಚಿಗಳನ್ನು ಉಳಿಸಲು ಅವನು ಒಳಗೆ ನುಗ್ಗಿದ. ಜೀವ ಉಳಿಯಿತು. ಸುಟ್ಟ ಬಲಗೈಯ ಬೆರಳುಗಳು ಮತ್ತೆ ಮಡಚಲಿಲ್ಲ. ಈಗ ಬಣ್ಣದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಡಬ್ಬ ತೋರಿಸುತ್ತಾನೆ.

“ನಾನು ಹೇಳಿದ್ದು ಸರಿಯೇ ಇತ್ತು,” ಎನ್ನುವ ಅಕ್ಕನ ದನಿ ಕುಗ್ಗುತ್ತದೆ. “ಸರಿ ಹೇಳಿ ಎದ್ದು ಬಂದೆನಲ್ಲ, ಅದು ಸರಿಯಿರಲಿಲ್ಲ. ಅರ್ಜಿ ನಾನೇ ಹಾಕಬಹುದಿತ್ತು. ಅಲ್ಲಿವರೆಗೆ ನನ್ನ ಮನೆ ಅಂಗಳದಲ್ಲಿ ಕೈಯಲ್ಲೇ ಉಜ್ಜಿಕೋ ಅನ್ನಬಹುದಿತ್ತು. ಅವನು ಒಂದು ದಿನವೂ ನನ್ನ ಬೈದಿಲ್ಲ. ಬೈದಿದ್ರೆ ಎದೆ ಹಗುರ ಆಗ್ತಿತ್ತು.”

ತಮ್ಮನ ಗ್ಯಾರೇಜನ್ನು ಮತ್ತೆ ಕಟ್ಟಿಸಿದಾಗ ಅನುಮತಿ ತಂದು ವೈರಿಂಗ್ ಮಾಡಿದವರು ಅಕ್ಕನೇ. ತಮ್ಮ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಪಕ್ಕದಲ್ಲಿ ನಿಂತು ಎಡಗೈಯಲ್ಲಿ ಟಾರ್ಚ್ ಹಿಡಿದಿದ್ದ. ಯಂತ್ರಗಳಿಗೆಂದು ಇವರು ಎಳೆದಿಟ್ಟ ಲೈನುಗಳು ಹಾಗೇ ಇವೆ. ಉರಿಯುವುದು ದೀಪವೊಂದೇ, ಅದೂ ಸ್ಕೂಟರ್ ಒಳಗಿಡುವಾಗ.

ಟೀಚರ್ ತಂದಿಟ್ಟ ಚಹಾ ಆರುತ್ತಿದೆ. ಅಕ್ಕ ಜೋಡಣೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಇನ್ನೊಂದು ಸ್ಕ್ರೂ ಬಿಗಿಯುತ್ತಾರೆ.

“ಅವನು ಎಡಗೈಯಲ್ಲೇ ಒಂದು ಸ್ಟೂಲ್ ಮಾಡ್ಲಿ,” ಎನ್ನುತ್ತಾರೆ ಕೊನೆಗೆ. “ಅದರ ಕಾಲು ಮೇಲೆ ಕೆಳಗೆ ಆದ್ರೂ ಪರವಾಗಿಲ್ಲ. ಮೊದಲು ನಾನೇ ಕೂರ್ತೀನಿ.”