ಮಲ್ಲಂದೂರು ಜಯಭೇರಿ ತಂಡದ ದನಿ

ಕೊಟ್ಟಿಗೆಹಾರದಲ್ಲಿ ಕೊಡೆ, ಟಾರ್ಪಾಲು, ಗಮ್‌ಬೂಟು ಮಾರುವ ಓಂಕಾರಮೂರ್ತಿ ಒಂದು ಕಡೆ ಕೂರುವ ಜೀವವಲ್ಲ. ಗಿರಾಕಿ ಇಲ್ಲದಿದ್ದರೆ ಮಡಿಸಿಟ್ಟ ಕೊಡೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಾರೆ. ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ರಸ್ತೆಗಿಳಿದು, ಘಾಟಿ ಹತ್ತಿ ಬಂದ ಬಸ್ಸಿನ ಬೋರ್ಡು ಓದುತ್ತಾರೆ. ವಯಸ್ಸು ಅರವತ್ತೆರಡಾದರೂ ಈ ಚಾಳಿ ಹೋಗಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಹೆಂಡತಿ ರುದ್ರಾಣಿ ವಾಟ್ಸ್‌ಆ್ಯಪಿಗೆ ಬಂದ ಏನನ್ನೋ ಕೇಳುತ್ತಿದ್ದರು. ಕರಕರ ಸದ್ದಿನ ನಡುವೆ ಒಂದು ಗಂಡಸಿನ ದನಿ ಓಡುತ್ತಿತ್ತು. "ಬಾಲ್ ಮೇಲೆ, ಕಲ್ಲೇಶ ಎತ್ತಿಕೊಟ್ಟ ಬೂಸ್ಟು, ಬಂತು ನೋಡಿ ಸ್ಮ್ಯಾಶು! ಈ ಪಾಯಿಂಟಿಗೆ ಚಪ್ಪಾಳೆ ತಟ್ಟಿದ ಕೈಗಳಿಗೆ ದಾಹ ಆಗಿದ್ದರೆ ಹೊಂಬೆಳಕು ಗೋಲಿ ಸೋಡಾ, ಗ್ರೌಂಡಿನ ಎಡಕ್ಕೆ!"

ಓಂಕಾರಮೂರ್ತಿಯ ಕೈಯಲ್ಲಿದ್ದ ಬೂಟು ಕೆಳಗೆ ಬಿತ್ತು.

"ಇದು ನಾನು ಕಣೇ!"

"ನೀವಾ? ಇಲ್ಲಿ ಬೇರೆಯವರ ಹೆಸರು ಹಾಕಿದಾರಲ್ಲ."

ನಿಜ. ಹಳೆಯ ಚಿಕ್ಕಮಗಳೂರಿನ ನೆನಪುಗಳನ್ನು ಹಾಕುವ ಒಂದು ಫೇಸ್‌ಬುಕ್ ಪೇಜಿನಿಂದ ಬಂದದ್ದು ಅದು. ಕೆಳಗೆ ಬರೆದಿತ್ತು: 'ಮಲ್ಲಂದೂರು ಜಯಭೇರಿ ವಾಲಿಬಾಲ್ ತಂಡ, 1996ರ ಫೈನಲ್. ವೀಕ್ಷಕ ವಿವರಣೆ: ನನ್ನ ತಂದೆ ದಿ. ರುದ್ರೇಶ್. ಎರಡನೇ ಭಾಗ ಭಾನುವಾರ.'

ರುದ್ರೇಶ್ ತಂಡದ ಕ್ಯಾಪ್ಟನ್, ಎಸ್ಟೇಟಿನಲ್ಲಿ ರೈಟರು. ದಿನವಿಡೀ ಆಳುಗಳ ಹಾಜರಿ ಬರೆದು, ಸಂಜೆ ಕಾಫಿ ಒಣಗಿಸುವ ಕಣದಲ್ಲೇ ನೆಟ್ಟು ಕಟ್ಟಿ ಆಡಿಸುತ್ತಿದ್ದವನು. ಆ ತಂಡದಲ್ಲಿ ಲಾರಿ ಕ್ಲೀನರ್ ಇದ್ದ, ಸಣ್ಣ ತೋಟದ ಮಾಲೀಕರ ಮಗನಿದ್ದ, ಜೀಪು ಓಡಿಸುವ ಕಲ್ಲೇಶನಿದ್ದ. ಓಂಕಾರಮೂರ್ತಿಗೆ ಬಾಲು ಮುಟ್ಟಲೂ ಬರುತ್ತಿರಲಿಲ್ಲ. ಮೈಕು ಮಾತ್ರ ಅವರದು. ಎಂಟು ವರ್ಷ ತಂಡ ಹೋದಲ್ಲೆಲ್ಲ ಜೀಪಿನ ಹಿಂದೆ ಕಾಲು ಇಳಿಬಿಟ್ಟು ಕೂತು ಹೋಗಿದ್ದರು. ಜನ ಆಟಕ್ಕೆಷ್ಟೋ ಅಷ್ಟೇ ಅವರ ಮಾತಿಗೂ ಬರುತ್ತಿದ್ದರು.

"ಫೋನ್ ಮಾಡಿ ಹೇಳಿ, ಸರಿ ಮಾಡ್ತಾರೆ," ಎಂದರು ರುದ್ರಾಣಿ.

"ಫೋನಲ್ಲಿ ಆಗೋ ಮಾತಲ್ಲ."

"ಒಂದು ಹೆಸರಿಗೆ ಯಾಕಿಷ್ಟು ಒದ್ದಾಡ್ತೀರಿ ಮಾರಾಯ್ರೆ?"

ಒದ್ದಾಟ ಹೆಸರಿನದಷ್ಟೇ ಆಗಿರಲಿಲ್ಲ. ಎರಡನೇ ಭಾಗದಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಆ ಫೈನಲ್ ನಡೆದದ್ದು ಮೂಡಿಗೆರೆಯಲ್ಲಿ, ಕಳಸದ ತಂಡದ ಮೇಲೆ. ಐದನೇ ಸೆಟ್ಟು. ಕಳಸ ಹದಿನಾಲ್ಕು, ಜಯಭೇರಿ ಹದಿಮೂರು. ಸರ್ವಿಸ್ ರುದ್ರೇಶನದು. ಗ್ರೌಂಡು ಉಸಿರು ಬಿಗಿಹಿಡಿದಿತ್ತು. ಆ ಮೌನ ಓಂಕಾರಮೂರ್ತಿಗೆ ತಡೆಯಲಾಗಲಿಲ್ಲ. "ಅಯ್ಯಯ್ಯೋ, ನಮ್ಮ ಕ್ಯಾಪ್ಟನ್ ಕೈ ನಡುಗ್ತಾ ಉಂಟಲ್ಲ, ಮನೆಯಲ್ಲಿ ಊಟ ಹಾಕಿಲ್ಲವೋ ಹೇಗೆ!" ಎಂದುಬಿಟ್ಟರು. ಗ್ರೌಂಡಿಗೆ ಗ್ರೌಂಡೇ ಗೊಳ್ಳೆಂದು ನಕ್ಕಿತು. ರುದ್ರೇಶ್ ಒಮ್ಮೆ ಮೈಕಿನ ಕಡೆ ನೋಡಿದ. ಹೊಡೆದ ಬಾಲು ನೆಟ್ಟಿಗೆ ಹೋಯಿತು, ಫೈನಲ್ ಕಳಸದ ಪಾಲಾಯಿತು.

ಆಮೇಲೆ ಅವನು ಆಡಲಿಲ್ಲ. ಅವನಿಲ್ಲದೆ ತಂಡ ಎರಡು ತಿಂಗಳೂ ನಿಲ್ಲಲಿಲ್ಲ. ಓಂಕಾರಮೂರ್ತಿ ಮಲ್ಲಂದೂರು ಬಿಟ್ಟು ಕೊಟ್ಟಿಗೆಹಾರದಲ್ಲಿದ್ದ ಮಾವನವರ ಅಂಗಡಿಗೆ ಬಂದು ಸೇರಿದರು. ಮೂರು ವರ್ಷಕ್ಕೆ ರುದ್ರೇಶ್ ಕಾಮಾಲೆಯಾಗಿ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲೆಂದು ಬಸ್ ಹತ್ತಿದವರು ಮೂಡಿಗೆರೆಯಲ್ಲೇ ಇಳಿದು ವಾಪಸಾಗಿದ್ದರು.

ಪೇಜು ನೋಡಿ ಹೊರಟ ಈ ಸಲ ಇಳಿಯಲಿಲ್ಲ. ಸೀಟು ಸಿಕ್ಕರೂ ನಿಂತುಕೊಂಡೇ ಚಿಕ್ಕಮಗಳೂರು ಮುಟ್ಟಿದರು. ಪೇಜಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ದಾರಿ ಕೇಳಿಕೊಂಡರು. ರುದ್ರೇಶನ ಮಗ ಶಶಿಕಿರಣ್ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಸೂಪರ್‌ವೈಸರ್. ಊಟದ ಹೊತ್ತಿಗೆ ಮನೆಗೆ ಬಂದಿದ್ದ. ನಿಂತ ನಿಲುವು ಥೇಟ್ ಅಪ್ಪನದು.

"ಬನ್ನಿ ಸರ್. ಅಪ್ಪನ ಕಡೆಯವರು ಬರೋದೇ ಅಪರೂಪ."

ಒಳಗಿನಿಂದ ಅವನ ತಾಯಿ ಪ್ರೇಮಕುಮಾರಿ ಬಂದರು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. "ಮೈಕ್ ಮೂರ್ತಿಯವರಲ್ವಾ?" ಎಂದರು, ನಗದೆ.

"ಹೌದು ಅತ್ತಿಗೆ." ಕೊಟ್ಟ ಕಾಫಿಯನ್ನು ಹಾಗೆಯೇ ಹಿಡಿದುಕೊಂಡು ಓಂಕಾರಮೂರ್ತಿ ಬಡಬಡಿಸಿದರು. "ಶಶಿ, ನೀನು ಹಾಕಿದ್ದು ನಿಮ್ಮಪ್ಪನ ದನಿ ಅಲ್ಲಪ್ಪ. ನಂದು."

ಹುಡುಗನ ಮುಖ ಕಪ್ಪಿಟ್ಟಿತು. "ಕ್ಯಾಸೆಟ್ ಮೇಲೆ ಅಪ್ಪನ ಹೆಸರಿತ್ತು, ಅವರದೇ ಅಕ್ಷರ. ಆಟದ ಜೊತೆ ಮೈಕೂ ಹಿಡೀತಿದ್ರು ಅಂದುಕೊಂಡೆ. ಅಪ್ಪ ಹೋದಾಗ ನನಗೆ ಆರು ವರ್ಷ ಸರ್. ದನಿ ಹೇಗಿತ್ತು ಅಂತ ನಂಗೆಂತ ಗೊತ್ತು? ಒಂದು ವಾರದಿಂದ ಈ ಮೊದಲ ಭಾಗವನ್ನೇ ಕೇಳ್ತಾ ಇದೀನಿ."

"ಹಾಕೋ ಮೊದಲು ನನ್ನನ್ನ ಒಂದ್ಮಾತು ಕೇಳಬಾರದಿತ್ತೇನೋ?" ಎಂದರು ಪ್ರೇಮಕುಮಾರಿ ಮಗನಿಗೆ. "ಅವರು ಮನೇಲಿ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಸೌಂಡ್ ಸೆಟ್ಟಿನವರು ಹಾರನ್ ಕೆಳಗೆ ಟೇಪ್ ಇಟ್ಟು ರೆಕಾರ್ಡ್ ಮಾಡಿ ಕೊಟ್ಟಿದ್ದು ಅದು."

ಶಶಿಕಿರಣ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಲ್ಲಿಗೆ ಓಂಕಾರಮೂರ್ತಿಯ ಹೆಸರಿನ ಮಾತು ಮುಗಿದಿತ್ತು. ಎದ್ದು ಬಂದುಬಿಡಬಹುದಿತ್ತು. ಅವರ ಕಾಲು ಬಾಗಿಲ ಕಡೆ ತಿರುಗಿಯೂ ಆಗಿತ್ತು.

"ಎರಡನೇ ಭಾಗ ಹಾಕು," ಎಂದರು. "ಒಮ್ಮೆ ಕೇಳ್ತೀನಿ."

ಲ್ಯಾಪ್‌ಟಾಪಿನಲ್ಲಿ ಮೂಡಿಗೆರೆಯ ಗ್ರೌಂಡು ಎದ್ದು ಬಂತು. ಪಾಯಿಂಟಿನ ನಡುನಡುವೆ ಅಂಗಡಿಗಳ ಹೆಸರು. ಮಧುರಾ ಟೈಲರ್ಸ್, ಒಂದೇ ದಿನದಲ್ಲಿ ಸಫಾರಿ. ಚಂದ್ರಪ್ರಭಾ ಟಾಕೀಸ್, ಶುಕ್ರವಾರದಿಂದ ಹೊಸ ಚಿತ್ರ. ಮಂಗಳದೀಪ ಬಸ್, ಕೈ ತೋರಿಸಿದಲ್ಲಿ ನಿಲುಗಡೆ. ಪ್ರೇಮಕುಮಾರಿ ಬಾಗಿಲಿಗೆ ಒರಗಿ ಕೇಳುತ್ತಿದ್ದರು. "ಆ ಟೈಲರೇ ನಮ್ಮ ಮದುವೆ ರವಿಕೆ ಹೊಲಿದಿದ್ದು. ಈಗಲ್ಲಿ ಮೊಬೈಲ್ ಅಂಗಡಿ," ಎಂದರು. "ಟಾಕೀಸು ಕೆಡವಿ ಕಲ್ಯಾಣಮಂಟಪ ಮಾಡಿದ್ರು." ಒಂದೂ ಉಳಿದಿರಲಿಲ್ಲ. ಇಷ್ಟು ಉತ್ಸಾಹದಿಂದ ಕೂಗುತ್ತಿರುವವನು ಯಾರೋ ಬೇರೆಯವನೇ ಎಂದು ಓಂಕಾರಮೂರ್ತಿಗೆ ಅನಿಸಿತು.

ಆ ಜಾಗ ಬಂತು. ಕೈ ನಡುಗುವ ಮಾತು, ಊಟದ ಮಾತು. ನಗು ಅವರು ನೆನಪಿಟ್ಟುಕೊಂಡಿದ್ದಕ್ಕಿಂತ ಜೋರಾಗಿತ್ತು. ಬಾಲು ನೆಟ್ಟಿಗೆ ಬಡಿದ ಸದ್ದು ಮಾತ್ರ ಟೇಪಿಗೆ ಬಿದ್ದಿರಲಿಲ್ಲ.

ಶಶಿಕಿರಣ್ ತಾನಾಗಿ ನಿಲ್ಲಿಸಿದ.

"ತಪ್ಪಾಯ್ತು ಅತ್ತಿಗೆ," ಎಂದರು ಓಂಕಾರಮೂರ್ತಿ. "ಆಗಲೇ ಬಂದು ಹೇಳಬೇಕಿತ್ತು. ಧೈರ್ಯ ಬರಲಿಲ್ಲ."

ಪ್ರೇಮಕುಮಾರಿ ಸೆರಗಿನಿಂದ ಕೈ ಒರೆಸಿಕೊಂಡರು. "ನಮ್ಮ ಮನೆಯವರು ಭಾನುವಾರ ಸಂಜೆ ಈ ಕ್ಯಾಸೆಟ್ ಹಾಕ್ಕೊಂಡು ಕೂರೋರು. ಈ ಜಾಗ ಬಂದಾಗ ಎದ್ದು ಅಂಗಳಕ್ಕೆ ಹೋಗೋರು. ಮುಗೀತು ಅನ್ನುವಾಗ ಬಂದು, ತಿರುಗಿ ಮೊದಲಿಂದ ಹಾಕೋರು. ನೀವು ಒಂದಿನ ಬರ್ತೀರಿ ಅಂತಿದ್ರು. ಬರಲಿಲ್ಲ ನೀವು."

"ಇಲ್ಲ."

"ನಂಗೆ ಸಿಟ್ಟಿರೋದು ಆ ಮಾತಿಗಲ್ಲ ಮೂರ್ತಿಯವರೇ. ಬರದೇ ಇದ್ದಿದ್ದಕ್ಕೆ. ಈಗಲೂ ಇದೆ." ಅಷ್ಟು ಹೇಳಿ ಒಳಗೆ ಹೋಗಿ ತಟ್ಟೆ ಹಾಕಿದರು.

ಊಟದ ನಡುವೆ ಶಶಿಕಿರಣ್ ಮೆಲ್ಲಗೆ ಕೇಳಿದ, "ಆ ಎರಡು ಸಾಲು ಕಟ್ ಮಾಡ್ಲಾ ಸರ್? ಯಾರಿಗೂ ಗೊತ್ತಾಗಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕೇಳಬೇಕೆಂದುಕೊಂಡಿದ್ದು ಇದನ್ನೇ. ಈಗ ಅವನೇ ಕೈಗಿತ್ತಾಗ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು. ನೀರು ಕುಡಿದರು.

"ಕಟ್ ಮಾಡಬೇಡ. ಪೂರ್ತಿ ಹಾಕು. ಕೆಳಗೆ ನನ್ನ ಹೆಸರು ಬರಿ. ಊರಿನ ಹೆಸರೂ ಬರಿ."

"ಜನ ಬೈತಾರೆ ಸರ್."

"ಬೈಲಿ ಮಾರಾಯ."

ಭಾನುವಾರ ಅದು ಹಾಗೆಯೇ ಬಂತು. ರುದ್ರಾಣಿ ಪೂರ್ತಿ ಕೇಳಿ, "ಇದನ್ನು ಇಟ್ಟುಕೊಂಡು ಇಷ್ಟು ವರ್ಷ ಕೊಡೆ ಬಿಚ್ಚಿ ಮಡಿಸ್ತಿದ್ರಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು. ಪೇಜಿನಲ್ಲಿ ಜನ ಮುಗಿಬಿದ್ದಿದ್ದರು. ಹೆಚ್ಚಿನವರಿಗೆ ಸೋಡಾದ ನೆನಪು, ಟಾಕೀಸಿನ ನೆನಪು. ನಾಲ್ಕೈದು ಮಂದಿ ವಿವರಣೆಗಾರನನ್ನು ಸರಿಯಾಗಿಯೇ ಬೈದಿದ್ದರು. ಓಂಕಾರಮೂರ್ತಿ ಬೈಗುಳಗಳನ್ನು ಎರಡೆರಡು ಸಲ ಓದಿದರು. ಕೆಳಗೆ ಕಲ್ಲೇಶನ ಮಗಳು ಬರೆದಿದ್ದಳು: ಅಪ್ಪ ಈಗ ಕಳಸದಲ್ಲಿದ್ದಾರೆ, ಕಣ್ಣು ಮಂಜು, ಕಿವಿ ಚೆನ್ನಾಗಿದೆ, ಮೂರು ಸಲ ಹಾಕಿಸಿಕೊಂಡರು.

ಮಾರನೇ ದಿನ ಅಂಗಡಿಯನ್ನು ರುದ್ರಾಣಿಗೆ ಒಪ್ಪಿಸಿ ಓಂಕಾರಮೂರ್ತಿ ಕಳಸದ ಬಸ್ಸಿಗೆ ನಿಂತರು. ಬಸ್ಸು ಅರ್ಧ ಗಂಟೆ ತಡ. ಕಾಯಲಾಗದೆ, ಅತ್ತ ಹೊರಟಿದ್ದ ಪಿಕಪ್ಪಿಗೆ ಕೈ ಅಡ್ಡ ಹಾಕಿ ಹತ್ತಿಯೇಬಿಟ್ಟರು.