ಕದರಮ್ಮ ಗುರುತು ಹಿಡಿದ ಅಂಗಿ

ಕುಣಿಗಲ್ ಪೇಟೆಯ ಮೂವತ್ತು ಮನೆಗಳ ಬಟ್ಟೆ ಒಗೆಯುತ್ತಿದ್ದ ಕದರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳದೇ ಒಂದು ಲಿಪಿ ಇತ್ತು. ಗೇರುಕಾಯಿಯ ರಸಕ್ಕೆ ಕಡ್ಡಿ ಅದ್ದಿ ಬಟ್ಟೆಯ ಒಳಮಗ್ಗುಲಿಗೆ ಚುಕ್ಕೆ, ಗೀಟು ಎಳೆಯುತ್ತಿದ್ದಳು. ಮನೆಗೊಂದು ಗುರುತು, ಎಷ್ಟು ಒಗೆದರೂ ಹೋಗದು. ಕೆರೆಯ ದಂಡೆಯಲ್ಲಿ ರಾಶಿಯೆಲ್ಲ ಕಲೆತುಹೋದರೂ ಒಂದು ಕರವಸ್ತ್ರವೂ ಮನೆ ತಪ್ಪಿದ್ದಿಲ್ಲ. ಇದರ ಜಂಬ ಅವಳಿಗೆ ತುಸು ಹೆಚ್ಚೇ ಇತ್ತು ಅನ್ನಬೇಕು.

ಇನ್ನೊಂದು ಗುಟ್ಟೂ ಇತ್ತು. ನೆಂಟರಿಷ್ಟರು ಮದುವೆಗೋ ಹೆಣ್ಣು ನೋಡುವುದಕ್ಕೋ ಹೊರಟರೆ ಒಳ್ಳೆಯ ಮನೆಯ ಅಂಗಿಯೊಂದನ್ನು ಒಂದೆರಡು ದಿನಕ್ಕೆ ಕೊಡುತ್ತಿದ್ದಳು. ಹಣಕ್ಕಲ್ಲ, ಮುಲಾಜಿಗೆ. ಅಗಸರ ಬಡಿವಾರವೆಲ್ಲ ಹೆರರ ಬಟ್ಟೆ ಎಂಬ ಗಾದೆ ಸುಮ್ಮನೆ ಹುಟ್ಟಿತೆ? ಆ ಗಾದೆ ಆಡುವ ಮನೆಗಳಿಗೆ ಮಾತ್ರ ತಮ್ಮ ಅಂಗಿ ಯಾರ ಮೈಮೇಲೆ ಗುಬ್ಬಿಗೆ ಹೋಗಿಬಂದಿದೆಯೆಂದು ತಿಳಿಯುತ್ತಿರಲಿಲ್ಲ.

೧೯೭೮ರ ಬೇಸಗೆಯ ಮೊದಲಲ್ಲಿ ಇನ್‌ಸ್ಪೆಕ್ಟರೊಬ್ಬರು ಅವಳ ಮನೆಬಾಗಿಲಿಗೆ ಬಂದು ಹರಿದ ಬಿಳಿ ಅಂಗಿಯೊಂದನ್ನು ಹಾಸಿದರು. ಗುಬ್ಬಿಯ ಕೊಬ್ಬರಿ ಮಂಡಿಯೊಂದರ ಕಾವಲುಗಾರ ಕಾಳಯ್ಯನಿಗೆ ಸಂಜೆ ಮಬ್ಬಿನಲ್ಲಿ ಯಾರೋ ಹಿಂದಿನಿಂದ ತಲೆಗೆ ಹೊಡೆದು ಮಂಡಿ ದೋಚಿದ್ದರು. ಬೀಳುವಾಗ ಅವನು ಬಿಗಿಹಿಡಿದದ್ದು ಈ ಅಂಗಿ, ಹೊಡೆದವನು ಇದನ್ನು ಕಳಚಿ ಬಿಟ್ಟು ಓಡಿದ್ದ. ಗುಬ್ಬಿ, ತುಮಕೂರುಗಳ ಅಗಸರಿಗೆಲ್ಲ ತೋರಿಸಿ ಪೊಲೀಸರು ಇಲ್ಲಿಗೆ ಬಂದಿದ್ದರು.

"ಈ ಗುರುತು ಯಾರದು, ಗೊತ್ತಾಯ್ತದಾ?"

ಗೀಟಿನ ಕೆಳಗೆ ಮೂರು ಚುಕ್ಕೆ. "ಗೊತ್ತಾಗ್ದೆ ಏನು? ಶಿವರಾಮಯ್ಯ ಮೇಷ್ಟ್ರುದು," ಎಂದುಬಿಟ್ಟಳು ಕದರಮ್ಮ.

ಮಾತು ಆಡಿದರೆ ಹೋಯಿತು. ಬಾಯಿ ಮುಚ್ಚುವ ಮೊದಲೇ ಅವಳಿಗೆ ನೆನಪಾಯಿತು: ತಿಂಗಳ ಹಿಂದೆ ಬೀರಯ್ಯ ಹೆಣ್ಣು ನೋಡಲು ಹೊರಟಾಗ ಕೊಟ್ಟದ್ದು ಇದೇ ಅಂಗಿ. ಬೀರಯ್ಯ ಅವಳ ಸತ್ತ ತಂಗಿಯ ಮಗ. ಎದೆಯ ಮೇಲೆ ಹಾಕಿಕೊಂಡು ಸಾಕಿದವನು. ಈಗ ಕ್ಯಾತ್ಸಂದ್ರದ ಹೋಟೆಲೊಂದರಲ್ಲಿ ಅಡಿಗೆ ಕೆಲಸಕ್ಕಿದ್ದ. ಅಂಗಿ ಮರಳಿ ತಂದಿರಲಿಲ್ಲ.

"ಒಗೆದು ಮೇಷ್ಟ್ರ ಮನೆಗೆ ವಾಪಸ್ ಕೊಟ್ಟಿದ್ದೆಯಾ?"

"ಕೊಟ್ಟಿದ್ದೆ ಬುದ್ಧಿ."

ಅಷ್ಟೇ. ಹೆಬ್ಬೆಟ್ಟು ಒತ್ತಿದಳು. ಅಂಗಿ ಅಗಸಗಿತ್ತಿಯ ಮನೆಗೆ ಹೋದದ್ದು ಬರಲೇ ಇಲ್ಲವೆಂದು ಮೇಷ್ಟರು ಹೇಳಿದರು, ಯಾರೂ ನಂಬಲಿಲ್ಲ. ಕಳ್ಳತನದ ದಿನ ಅವರು ಅಕ್ಕನನ್ನು ನೋಡಲು ಗುಬ್ಬಿಗೇ ಹೋಗಿದ್ದರು, ಗ್ರಹಚಾರ. ಮಾರನೆಯ ದಿನ ಶಾಲೆಯ ಮಕ್ಕಳೆದುರೇ ಅವರನ್ನು ಜೀಪಿಗೆ ಹತ್ತಿಸಿ ತುಮಕೂರಿನ ಜೈಲಿಗೆ ಕಳಿಸಿದರು.

ಕದರಮ್ಮ ಅಂದಿನಿಂದ ಬೀರಯ್ಯನನ್ನು ಕಣ್ಣಲ್ಲೇ ಅಳೆಯತೊಡಗಿದಳು. ಪ್ರತಿ ಭಾನುವಾರ ಬರುತ್ತಿದ್ದವನು ಈಗೇಕೆ ಬರುತ್ತಿಲ್ಲ? ತಾನೇ ಬಸ್ಸು ಹತ್ತಿ ಕ್ಯಾತ್ಸಂದ್ರಕ್ಕೆ ಹೋದಳು. ಅವಳನ್ನು ಕಂಡೊಡನೆ ಬೀರಯ್ಯ ತಡವರಿಸಿದ, ಎಡಗೈಯನ್ನು ಬೆನ್ನ ಹಿಂದೆ ಸರಿಸಿದ. ಆದರೂ ಅವಳಿಗೆ ಕಂಡಿತು, ಹೊಸ ವಾಚು. ಸೌಟು ಹಿಡಿಯುವವನಿಗೆ ವಾಚು ಎಲ್ಲಿಂದ ಬಂತು? ಅಂಗಿಯ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

"ಯಾಕ್ ದೊಡ್ಡವ್ವ, ಹಂಗ್ ನೋಡ್ತೀಯಾ?"

"ಏನಿಲ್ಲ ಬುಡು. ಸೊರಗಿದೀಯಾ ಅಂತ."

ಅವನ ಟ್ರಂಕು ಒಳಗಿತ್ತು. ಅವನು ಚಹಾ ತರಲು ಹೋದಾಗ ತೆಗೆದೂ ನೋಡಿದಳು. ಎರಡು ಲುಂಗಿ, ಒಂದು ಬಾಚಣಿಗೆ, ಸಿದ್ಧಗಂಗೆಯ ವಿಭೂತಿ. ಏನೂ ಸಿಗದಿದ್ದರೆ ಸಮಾಧಾನವಾಗಬೇಕಿತ್ತಲ್ಲ, ಆಗಲಿಲ್ಲ. ಎಲ್ಲೋ ಬಚ್ಚಿಟ್ಟಿದ್ದಾನೆ ಎನ್ನಿಸಿತು. ಕಾಮಾಲೆ ಕಣ್ಣಿಗೆ ವಿಭೂತಿಯೂ ಹಳದಿಯೇ.

ಹೀಗೆ ಒಂದು ತಿಂಗಳು ಕಳೆಯಿತು. ಮೇಷ್ಟರ ಹೆಂಡತಿ ಗಂಗಲಕ್ಷ್ಮಮ್ಮ ಎಂದಿನಂತೆ ಸೋಮವಾರದ ಗಂಟು ಕೊಡುತ್ತಲೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಕದರಮ್ಮನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದಳೋ ಏನೋ. ಒಂದು ಸೋಮವಾರ ಒಂದೇ ಒಂದು ಅಂಗಿ ಕೊಟ್ಟರು.

"ನಾಳಿದ್ದು ಅವರನ್ನ ಕೋರ್ಟಿಗೆ ಕರ್ಕೊಂಡ್ ಬರ್ತಾರಂತೆ. ಗಂಜಿ ಹಾಕಿ ಚೆನ್ನಾಗಿ ಇಸ್ತ್ರಿ ಮಾಡ್ಕೊಡು ಕದರಮ್ಮ. ಕಳ್ಳನ ಹಾಗೆ ಕಾಣಬಾರ್ದು."

ಆ ಅಂಗಿಯನ್ನು ಇಸ್ತ್ರಿ ಮಾಡಲು ಅವಳ ಕೈಯಲ್ಲಿ ಆಗಲಿಲ್ಲ. ಕೆಂಡ ತುಂಬಿದ ಪೆಟ್ಟಿಗೆ ಆರಿಹೋಗುವವರೆಗೆ ಸುಮ್ಮನೆ ಕುಳಿತಿದ್ದಳು. ಮೇಷ್ಟರು ಒಳಗಿರಬೇಕು, ಇಲ್ಲ ಬೀರಯ್ಯ ಒಳಗಿರಬೇಕು. ನಡುವೆ ಇದ್ದದ್ದು ತನ್ನ ಒಂದು ಮಾತು. ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳಿದಳು. ಬೀರಯ್ಯನ ಹೆಸರನ್ನೂ ಹೇಳಿದಳು.

ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಪೊಲೀಸರು ಬೀರಯ್ಯನನ್ನು ಹೋಟೆಲಿನಿಂದ ಎಳೆದೊಯ್ದರು. ಕೇಳಿದ್ದೇ ತಡ, ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ. ಅದೇ ಕೋಣೆಯಲ್ಲಿ ಇರುತ್ತಿದ್ದ ಇನ್ನೊಬ್ಬ ಅಡಿಗೆಯವನು, ಯಾವುದೋ ಕೆಲಸ ಕೇಳಲು ಹೋಗಬೇಕು ಎಂದು ಅಂಗಿ ಇಸಿದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಎರಡೇ ದಿನದಲ್ಲಿ ಆ ಅಡಿಗೆಯವನು ಅರಸೀಕೆರೆಯಲ್ಲಿ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ. ಮೇಷ್ಟರು ಮನೆಗೆ ಬಂದರು. ಇಪ್ಪತ್ತು ಮನೆಗಳು ಕದರಮ್ಮನಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದವು. ಮೇಷ್ಟರ ಮನೆ ನಿಲ್ಲಿಸಲಿಲ್ಲ, ಆದರೆ ಗಂಗಲಕ್ಷ್ಮಮ್ಮ ಅವಳ ಮುಖ ನೋಡುವುದನ್ನು ನಿಲ್ಲಿಸಿದರು.

ಬಿಡುಗಡೆಯಾದ ಮೇಲೆ ಬೀರಯ್ಯ ಬಂದು ಜಗಲಿಯ ಮೇಲೆ ಕುಳಿತ. ಕೈಯಲ್ಲಿ ವಾಚಿರಲಿಲ್ಲ. ಅದು ಹೆಣ್ಣಿನ ಕಡೆಯವರು ಹಾಕಿದ್ದು, ದೊಡ್ಡವ್ವನಿಗೆ ಹೇಳದೆ ಹಾಕಿಸಿಕೊಂಡೆನೆಂದು ಅಂದು ಬಚ್ಚಿಟ್ಟಿದ್ದ. ಪೊಲೀಸರು ಹಿಡಿದೊಯ್ದ ಗಂಡು ಬೇಡವೆಂದು ಅವರು ವಾಪಸ್ ಇಸಿದುಕೊಂಡಿದ್ದರು.

"ಅಂಗಿ ಕಳ್ದೆ ಅಂತ ಬೈತೀಯಾ ಅಂತ ನಾನು ಬರ್ಲಿಲ್ಲ ದೊಡ್ಡವ್ವ. ಅದು ಮೇಷ್ಟ್ರುದು ಅಂತ ನಂಗೇನ್ ಗೊತ್ತು? ನೀನು ಕ್ಯಾತ್ಸಂದ್ರದ ಗಂಟ ಬಂದೆ. ಪೊಲೀಸ್ನೋರಿಗೆ ಹೇಳೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಾಗಿತ್ತು."

ಕದರಮ್ಮ ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಹೆದ್ರಿಕೆ ಆಯ್ತು ಕಣ್ಲಾ. ನೀನೆಲ್ಲಿ ಹೂಂ ಅಂದ್ಬುಡ್ತೀಯೋ ಅಂತ."

ಬೀರಯ್ಯ ಎಲೆಗೆ ಕೈ ಹಚ್ಚದೆ ಎದ್ದು, ತುಮಕೂರಿನ ಬಸ್ಸಿಗೆ ಹೊರಟುಹೋದ.